ಈಸ್ಟೆಂಡಿಗೆ ವಯಸ್ಸೆಷ್ಟು?

ರೆಜೈನಾ ದಾಟಿದ ಮೇಲೆ ರಸ್ತೆ ತಿರುಗುವುದನ್ನೇ ಮರೆತುಬಿಟ್ಟಿತು. ಕಾರು ಓಡಿಸುತ್ತಿದ್ದವನು ನನ್ನ ತಂಗಿಯ ಮಗ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಈ ರಾಜಧಾನಿಯಲ್ಲಿ ನೌಕರಿಗಿದ್ದಾನೆ. "ಮಾಮಾ, ಬೇಕಾದ್ರ ಒಂದು ನಿದ್ದಿ ತಗೀರಿ. ಎದ್ದ ಮ್ಯಾಲೂ ಇದ ನೋಟ ಇರ್ತೈತಿ" ಅಂದ. ನಿದ್ದೆ ಹೇಗೆ ಬಂದೀತು? 2024ರ ಜೂನ್ ತಿಂಗಳು. ಎರಡೂ ಮಗ್ಗುಲಿಗೆ ಆಗತಾನೆ ಎದ್ದ ಗೋಧಿಯ ಹಸಿರು, ಅದರಾಚೆ ಮತ್ತೆ ಹಸಿರು. ಅದರ ಮೇಲೆ ಊರಿನಲ್ಲಿ ನಾನೆಂದೂ ಕಾಣದಷ್ಟು ಅಗಲದ ಆಕಾಶ. ಒಂದು ಕಡೆ ಮಳೆ ಇಳಿಯುತ್ತಿತ್ತು, ಇನ್ನೊಂದು ಕಡೆ ಬಿಸಿಲು ಹೊಡೆಯುತ್ತಿತ್ತು, ನಡುವೆ ನಮ್ಮ ಕಾರು. ಮಳೆ ಯಾವ ಹೊಲದಿಂದ ಯಾವ ಹೊಲಕ್ಕೆ ದಾಟುತ್ತಿದೆ ಎಂದು ಕೂತಲ್ಲಿಂದಲೇ ಹೇಳಬಹುದಿತ್ತು.

ವಿಜಯಪುರದ ಎರೆಸೀಮೆಯಲ್ಲಿ ಹುಟ್ಟಿದವನಿಗೆ ಬಯಲೇನೂ ಹೊಸದಲ್ಲ. ಡೋಣಿ ಸಾಲಿನ ಹೊಲಗಳಲ್ಲಿ ನಿಂತರೆ ನಮ್ಮಲ್ಲೂ ಕಣ್ಣು ಸೋಲುವಷ್ಟು ದೂರ ಕಾಣುತ್ತದೆ. ಆದರೆ ನಮ್ಮ ಬಯಲಿನಲ್ಲಿ ಕಣ್ಣು ಊರುವುದಕ್ಕೆ ಏನಾದರೊಂದು ಇರುತ್ತದೆ. ಒಂದು ಬೇವಿನ ಮರ, ಒಂದು ಹಾಳು ಹುಡೇವು, ಯಾವುದೋ ಗುಡಿಯ ಶಿಖರ. ವಿಜಯಪುರದ ಕಡೆ ಬರುವವನಿಗಂತೂ ಎಷ್ಟೋ ದೂರದಿಂದಲೇ ಗೋಳಗುಮ್ಮಟ ಕೈ ಮಾಡಿ ಕರೆಯುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ರೆಜೈನಾದ ಸುತ್ತಲಿನ ನೆಲ ಹಿಮಯುಗದ ಕೊನೆಗೆ ಕರಗಿದ ನೀರು ನಿಂತಿದ್ದ ದೊಡ್ಡ ಕೆರೆಯ ತಳ. ಆ ತಳದ ಜೇಡಿ ಮಳೆಯಲ್ಲಿ ನೆನೆದರೆ ನಮ್ಮ ಎರೆಯಷ್ಟೇ ಹಟದಿಂದ ಬೂಟಿಗೆ ಮೆತ್ತಿಕೊಳ್ಳುತ್ತದೆ. ದಾರಿಬದಿ ಕಾರು ನಿಲ್ಲಿಸಿ ಇಳಿದವನು ಬೂಟಿನ ಮಣ್ಣು ಕೆರೆಯುತ್ತ ನಿಂತಾಗ ಮಾತ್ರ ಸ್ವಲ್ಪ ಊರಿಗೆ ಬಂದಂತಾಯಿತು.

ಈ ಸೀಮೆಯಲ್ಲಿ ಮೊದಲು ಬೆರಗು ಹುಟ್ಟಿಸುವುದು ನೆಲವನ್ನು ಕತ್ತರಿಸಿದ ರೀತಿ. ನಮ್ಮ ಹೊಲಗಳ ಬದು ಹಳ್ಳದ ಗುಂಟ, ಅಣ್ಣತಮ್ಮಂದಿರ ಜಗಳದ ಗುಂಟ, ಹಳೆಯ ಬನ್ನಿಮರದ ಗುಂಟ ಸೊಟ್ಟಪಟ್ಟ ಸಾಗುತ್ತದೆ. ಇಲ್ಲಿ 1870ರ ದಶಕದಲ್ಲಿ ಸರ್ವೇ ಮಾಡಲು ಬಂದವರು ಹಳ್ಳವನ್ನೂ ಕೇಳಲಿಲ್ಲ, ದಿಬ್ಬವನ್ನೂ ಕೇಳಲಿಲ್ಲ. ಇಡೀ ಬಯಲಿನ ಮೇಲೆ ಚೌಕಗಳನ್ನು ಎಳೆದುಬಿಟ್ಟರು. ಮೈಲಿ ಉದ್ದ, ಮೈಲಿ ಅಗಲ, 640 ಎಕರೆಗೆ ಒಂದು ಚೌಕ. ಅಂಥ 36 ಸೇರಿದರೆ ಒಂದು ಟೌನ್‌ಶಿಪ್. ಚೌಕದ ಕಾಲು ಭಾಗ, 160 ಎಕರೆ, 1872ರ ಕಾಯಿದೆಯ ಪ್ರಕಾರ ಹತ್ತು ಡಾಲರ್ ಕಟ್ಟಿದವನ ಪಾಲು. ಮೂರು ವರ್ಷದಲ್ಲಿ ಅಲ್ಲಿ ಮನೆ ಕಟ್ಟಿ, ಒಂದಿಷ್ಟು ನೆಲ ಉತ್ತು ತೋರಿಸಿದರೆ ಪಟ್ಟಾ ಕೈಗೆ. ನಮ್ಮಲ್ಲಿ ಗುಂಟೆಗಾಗಿ ಕೋರ್ಟು ಹತ್ತಿದವರು ನನ್ನ ಕಣ್ಣ ಮುಂದೆ ಸಾಲುಸಾಲಾಗಿ ಬಂದು ಹೋದರು.

ಹೀಗೆ ನೇರ ಹೋಗುವ ಹಳ್ಳಿರಸ್ತೆ ಒಮ್ಮೆಲೇ, ಯಾವ ಕಾರಣವೂ ಕಾಣದೆ, ತುಸು ಪಕ್ಕಕ್ಕೆ ಸರಿದು ಮತ್ತೆ ನೇರವಾಗುತ್ತದೆ. ಹಳ್ಳವಿಲ್ಲ, ಮರವಿಲ್ಲ, ಗುಡಿಯಿಲ್ಲ. ಕೇಳಿದರೆ ಅದಕ್ಕೆ ಕಾರಣ ಭೂಮಿ ಗುಂಡಗಿರುವುದಂತೆ! ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಚಪ್ಪಟೆ ಕಾಗದದ ಚೌಕ ಗುಂಡು ನೆಲದ ಮೇಲೆ ಕೂರುವುದಿಲ್ಲ. ಅದಕ್ಕೇ ಸರ್ವೇಯವರು ಇಂತಿಷ್ಟು ಮೈಲಿಗೊಮ್ಮೆ ಗೆರೆ ಸರಿಸಿ ಲೆಕ್ಕ ಹೊಂದಿಸಿದ್ದಾರೆ. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ಕಾರಿನ ಸ್ಟೀರಿಂಗಿನಲ್ಲಿ ಅನುಭವಿಸಿದ್ದು ಇಲ್ಲೇ.

ಮೂಸ್ ಜಾ ದಾಟಿದ ಮೇಲೆ ನೆಲ ಮೆಲ್ಲಗೆ ಉಬ್ಬಿ ತಗ್ಗತೊಡಗಿತು. ಚಾಪ್ಲಿನ್ ಎಂಬಲ್ಲಿ ಹೆದ್ದಾರಿಯ ಪಕ್ಕ ಉಪ್ಪುಕೆರೆ. ದಂಡೆಯಲ್ಲಿ ಸೋಡಿಯಂ ಸಲ್ಫೇಟಿನ ಬೆಳ್ಳನೆಯ ರಾಶಿಗಳು, ನೀರಂಚಿನಲ್ಲಿ ಉದ್ದ ಕೊಕ್ಕಿನ ಪುಟ್ಟ ಹಕ್ಕಿಗಳ ಓಡಾಟ. ಸ್ವಿಫ್ಟ್ ಕರೆಂಟ್ ಆಯಿತು, ಗಲ್ ಲೇಕ್ ಆಯಿತು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಶಾನವನ್ ಎಂಬ ಪೇಟೆ.

ಈ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು, ರೈಲುಹಳಿಯ ಪಕ್ಕದಲ್ಲಿ, ನಾಲ್ಕೈದು ಅಂತಸ್ತಿನಷ್ಟು ಎತ್ತರದ ಮರದ ಕಟ್ಟಡಗಳು ಕಾಣುತ್ತವೆ. ಕಿಟಕಿಯಿಲ್ಲ, ಬಾಲ್ಕನಿಯಿಲ್ಲ, ತುದಿಯಲ್ಲಿ ಇಳಿಜಾರು ಮಾಡು. ಗ್ರೇನ್ ಎಲಿವೇಟರ್‌ಗಳು. ನಮ್ಮ ಹಿರಿಯರು ಜೋಳವನ್ನು ಊರೊಳಗೆ ಹಗೇವು ತೋಡಿ, ನೆಲದ ಹೊಟ್ಟೆಯಲ್ಲಿ ಹುಗಿದಿಡುತ್ತಿದ್ದರು. ಬರಗಾಲಕ್ಕೆ, ಮದುವೆಗೆ, ಕಳ್ಳರ ಭಯಕ್ಕೆ. ಇವರು ಗೋಧಿಯನ್ನು ಬಕೆಟ್ಟುಗಳ ಪಟ್ಟಿಯಿಂದ ಮೇಲಕ್ಕೆ ಎತ್ತಿ, ಅಲ್ಲಿಂದ ಕೊಳವೆಯಲ್ಲಿ ನೇರ ರೈಲು ಡಬ್ಬಿಗೆ ಸುರಿಯುತ್ತಿದ್ದರು. ನಮ್ಮದು ಊರೊಳಗೇ ಉಳಿಯಬೇಕಾದ ಕಾಳು, ಇವರದ್ದು ಮೊದಲ ದಿನದಿಂದಲೇ ಊರು ಬಿಟ್ಟು ಹೋಗಬೇಕಾದ ಕಾಳು. ಈ ಎರಡು ಕಣಜಗಳ ಫರಕಿನಲ್ಲಿ ಎರಡು ಬೇಸಾಯಗಳ ಕಥೆಯೇ ಇದೆ ಅನ್ನಿಸಿತು. ಕುದುರೆಗಾಡಿ ಹೊತ್ತು ಮುಳುಗುವುದರೊಳಗೆ ಕಾಳು ಹಾಕಿ ಮನೆ ಸೇರಬೇಕು ಎಂಬ ಲೆಕ್ಕದಲ್ಲಿ ಎಂಟು ಹತ್ತು ಮೈಲಿಗೊಂದು ಎಲಿವೇಟರ್ ನಿಂತಿತ್ತು, ಅದರ ಬುಡದಲ್ಲಿ ಒಂದು ಊರು. 1930ರ ದಶಕದಲ್ಲಿ ಈ ಪ್ರಾಂತ್ಯವೊಂದರಲ್ಲೇ 3,000ಕ್ಕೂ ಹೆಚ್ಚು ಇದ್ದವು. ಲಾರಿ ಬಂತು, ರಸ್ತೆ ಬಂತು, ದೊಡ್ಡ ಕಾಂಕ್ರೀಟ್ ಕಣಜಗಳು ಬಂದವು. ಮರದವು ಒಂದೊಂದಾಗಿ ಬಿದ್ದವು, ಅವುಗಳ ಬೆನ್ನಿಗೆ ಎಷ್ಟೋ ಊರುಗಳೂ. ಶಾನವನ್‌ನಿಂದ ನಾವು ಹೊರಟಿದ್ದ ಈಸ್ಟೆಂಡ್ ಕಡೆ ಹೋಗುವ ಹಳಿಯನ್ನು ದೊಡ್ಡ ಕಂಪನಿ ಕೈಬಿಟ್ಟ ಮೇಲೆ ಅದನ್ನು ನಡೆಸುತ್ತಿದ್ದ ಪುಟ್ಟ ರೈಲು ಕಂಪನಿಯನ್ನು ಸುತ್ತಲಿನ ರೈತರೇ ಹಣ ಹಾಕಿ 2004ರಲ್ಲಿ ಕೊಂಡುಕೊಂಡರು. ಎತ್ತು ಕೊಂಡ ರೈತರನ್ನು ನೋಡಿದ್ದೇನೆ, ಟ್ರ್ಯಾಕ್ಟರ್ ಕೊಂಡವರನ್ನೂ. ರೈಲು ಕೊಂಡವರನ್ನು ಕೇಳಿದ್ದು ಇದೇ ಮೊದಲು.

ಶಾನವನ್ ಬಿಟ್ಟು ಪಶ್ಚಿಮಕ್ಕೆ ಅರ್ಧ ತಾಸಿನ ದಾರಿ. "ಇನ್ನೇನು ಬಂತು ಮಾಮಾ" ಎನ್ನುತ್ತಾನೆ ಅಳಿಯ, ನನಗೆ ಊರಿನ ಸುಳಿವೇ ಇಲ್ಲ. ಮುಂದೆ ಬಯಲು, ಬಯಲಿನ ಮೇಲೆ ಗಾಳಿ. ಅಷ್ಟರಲ್ಲಿ ರಸ್ತೆ ಸರ್ರನೆ ಕೆಳಗಿಳಿಯಿತು. ಕಾಲ ಬುಡದಲ್ಲೇ ಒಂದು ಕಣಿವೆ ಬಾಯಿ ತೆರೆಯಿತು. ಎರಡೂ ಕಡೆ ಬೋಳು ಗುಡ್ಡ, ಅವುಗಳ ಮೈಯಲ್ಲಿ ಬಿಳಿಮಣ್ಣಿನ ಪಟ್ಟೆಗಳು, ತಳದಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುವ ಒಂದು ಸಣ್ಣ ಹೊಳೆ, ಹೊಳೆಯ ತೊಡೆಯ ಮೇಲೆ ಮರಗಳ ನಡುವೆ ಮುದುಡಿ ಕೂತ ಊರು. ಅಷ್ಟು ದೂರ ಬರೀ ಬಟಾಬಯಲು ನೋಡಿದ ಕಣ್ಣಿಗೆ ಮರದ ನೆರಳು ಕಂಡಾಗ ಆದ ಸಮಾಧಾನ ಹೇಳತೀರದು. ಬಯಲ ಮೇಲೆ ಬೀಸುವ ಗಾಳಿ ಇಲ್ಲಿ ತಲೆಯ ಮೇಲಿಂದ ದಾಟಿ ಹೋಗುತ್ತದೆ.

ಈಸ್ಟೆಂಡ್‌ನಲ್ಲಿ ಐನೂರು ಆರುನೂರು ಜನ ಇದ್ದಾರು. ನಮ್ಮ ಊರಿನ ಒಂದು ಓಣಿಯ ಜನ. ಆದರೂ ಕಾಗದದ ಮೇಲೆ ಇದು ಪಟ್ಟಣ, ಮೇಯರ್ ಇದ್ದಾರೆ. ಅಗಲವಾದ ಬೀದಿಗಳು, ಜೋಡು ಕುದುರೆಗಾಡಿ ತಿರುಗಿಸಿಕೊಳ್ಳುವಷ್ಟು. ಒಂದು ದಿನಸಿ ಅಂಗಡಿ, ಒಂದು ಶಾಲೆ, ಪೋಸ್ಟಾಫೀಸು, ಚರ್ಚುಗಳು, ಮರದ ಹಲಗೆಯ ಮನೆಗಳು, ಮನೆಯ ಮುಂದೆ ಕತ್ತರಿಸಿದ ಹುಲ್ಲು. ಬೀದಿಯಲ್ಲಿ ಮನುಷ್ಯರಿಲ್ಲ. ಮೂಲೆಯಲ್ಲೊಂದು ಗೋಫರ್ ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗಾಲು ಎದೆಗೆ ಒತ್ತಿಕೊಂಡು, ನಮ್ಮನ್ನು ನೋಡಿ ಕಿಚ್ ಎಂದು ಬಿಲ ಹೊಕ್ಕಿತು. ನಮ್ಮ ಅಳಿಲಿನ ದಪ್ಪನೆಯ ದಾಯಾದಿ ಅನ್ನಬಹುದು. ಗೋಧಿಯ ಮೊಳಕೆಗೆ ದೊಡ್ಡ ಶತ್ರು. ಒಂದು ಕಾಲಕ್ಕೆ ಇವುಗಳ ಬಾಲಕ್ಕೆ ಇಂತಿಷ್ಟು ಕಾಸು ಎಂದು ಮಕ್ಕಳಿಗೆ ಕೊಡುತ್ತಿದ್ದರಂತೆ.

ಹೊಳೆಯ ಕಡೆ ಇಳಿದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಸಿಹಿ, ಗಾಢ, ಸ್ವಲ್ಪ ತಲೆ ಹಿಡಿಯುವಂಥದ್ದು. ಬೆಳ್ಳಿಬಣ್ಣದ ಎಲೆಯ ಪೊದೆಗಳಲ್ಲಿ ಕಣ್ಣಿಗೆ ಕಂಡೂ ಕಾಣದ ಹಳದಿ ಹೂಗಳು. ವುಲ್ಫ್ ವಿಲ್ಲೋ. ಅದರ ಪಕ್ಕದಲ್ಲಿ ಹರಿಯುವ ಫ್ರೆಂಚ್‌ಮನ್ ಹೊಳೆ ನಮ್ಮ ಕಡೆಯ ಒಂದು ಹಳ್ಳಕ್ಕಿಂತ ದೊಡ್ಡದಲ್ಲ. ಆದರೆ ಅದರ ಪ್ರಯಾಣ ನೋಡಿ: ಗಡಿ ದಾಟಿ ಅಮೆರಿಕದ ಮೊಂಟಾನಾ, ಅಲ್ಲಿ ಮಿಲ್ಕ್ ನದಿ, ಆಮೇಲೆ ಮಿಸ್ಸೂರಿ, ಮಿಸಿಸಿಪ್ಪಿ, ಕೊನೆಗೆ ಮೆಕ್ಸಿಕೊ ಕೊಲ್ಲಿ. ಈ ಸೀಮೆಯ ಸೈಪ್ರೆಸ್ ಬೆಟ್ಟಗಳ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಉತ್ತರಕ್ಕೆ ಹರಿದು ಹಡ್ಸನ್ ಕೊಲ್ಲಿ ಸೇರುತ್ತದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಮಳೆಹನಿಗಳು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎಂದು ಪಾಲಾಗುವ ಹಾಗೆ, ಇಲ್ಲಿಯ ಮೋಡಕ್ಕೂ ಎರಡು ಸಮುದ್ರ.

ಊರಿನ ಮ್ಯೂಸಿಯಂನಲ್ಲಿ ಬಿಳಿಕೂದಲಿನ ಒಬ್ಬ ನಿವೃತ್ತ ಶಿಕ್ಷಕಿ ಕೂತಿದ್ದರು. ನಾನು ನಮ್ಮ ಕಡೆಯವರು ಯಾವ ಊರಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಕೇಳಿದೆ: "ಈ ಊರು ಎಷ್ಟು ಹಳೆಯದು?" ಅವರು ತಡಮಾಡದೆ, ಸ್ವಲ್ಪ ಹೆಮ್ಮೆಯಿಂದಲೇ, "1914" ಅಂದರು. ಕೆನಡಿಯನ್ ಪೆಸಿಫಿಕ್ ರೈಲು ಬಂದ ವರ್ಷ. ನಮ್ಮ ಹಳ್ಳಿಯಲ್ಲಿ ನಾವಿರುವ ಮನೆಯ ತೊಲೆಬಾಗಿಲೇ ಅದಕ್ಕಿಂತ ಹಳೆಯದು. ಹನುಮಪ್ಪನ ಗುಡಿಯ ಮಗ್ಗುಲಿಗೆ ದನ ಕಟ್ಟುವ ಕಲ್ಲಿನ ಮೇಲೆ ಹಳಗನ್ನಡ ಅಕ್ಷರಗಳಿವೆ. ಅದನ್ನು ನಾವು ಹಳೆಯದು ಎಂದು ಎಣಿಸುವುದೂ ಇಲ್ಲ. ನಾನು ನಗು ತಡೆದುಕೊಂಡೆ. ಅವರಿಗೆ ಅರ್ಥವಾಯಿತೋ ಏನೋ, "ನಾಳೆಯೂ ಇರುತ್ತೀರಲ್ಲ? ಆಮೇಲೆ ಮತ್ತೆ ಕೇಳಿ" ಅಂದರು.

ಇದೇ ಪ್ರಶ್ನೆಯನ್ನು ಜೀವಮಾನವಿಡೀ ಕೇಳಿಕೊಂಡ ಒಬ್ಬ ಮನುಷ್ಯನ ಮನೆ ಹೊಳೆಯ ಪಕ್ಕದ ಬೀದಿಯಲ್ಲಿದೆ. ವಾಲೆಸ್ ಸ್ಟೆಗ್ನರ್, ಅಮೆರಿಕದ ದೊಡ್ಡ ಕಾದಂಬರಿಕಾರ, 1972ರಲ್ಲಿ ಪುಲಿಟ್ಜರ್ ಪಡೆದವರು. ಐದು ವರ್ಷದ ಹುಡುಗನಾಗಿ 1914ರಲ್ಲಿ, ಅಂದರೆ ಊರಿನ ಜೊತೆಯಲ್ಲೇ, ಇಲ್ಲಿಗೆ ಬಂದರು. ಮೊದಲಿಗೆ ಅವರ ಕುಟುಂಬ ಇದ್ದದ್ದು ಹಳಿಯಿಂದ ಇಳಿಸಿದ ಒಂದು ರೈಲುಡಬ್ಬಿಯಲ್ಲಿ. ಅಪ್ಪ ಗಡಿಯ ಅಂಚಿನಲ್ಲಿ ಸರಕಾರಿ ಜಮೀನು ಹಿಡಿದು ಗೋಧಿ ಬಿತ್ತಿದ. 1915ರಲ್ಲಿ ಬಂಗಾರದಂಥ ಬೆಳೆ. ಆಮೇಲೆ ಒಂದರ ಹಿಂದೊಂದು ಬರ. 1918ರಲ್ಲಿ ಇನ್‌ಫ್ಲುಯೆಂಜಾ ಬಂದು ಊರಿನ ಶಾಲೆಯೇ ಆಸ್ಪತ್ರೆಯಾಯಿತು. 1920ರಲ್ಲಿ ಅವರು ಗಂಟುಮೂಟೆ ಕಟ್ಟಿ ಮೊಂಟಾನಾಕ್ಕೆ ಹೊರಟುಹೋದರು. ಹಿಂಗಾರಿ ಕೈಕೊಟ್ಟ ವರ್ಷ ಗೋವಾಕ್ಕೆ, ಪುಣೆಗೆ ದುಡಿಯಲು ಹೋಗುವ ನಮ್ಮ ಜನ ಯುಗಾದಿಗೋ ಜಾತ್ರೆಗೋ ತಿರುಗಿ ಬರುತ್ತಾರೆ. ಇಲ್ಲಿಯವರು ಹೋದರೆ ಹೋದರು.

ಹುಡುಗನ ನೆನಪಿನಲ್ಲಿ ಉಳಿದದ್ದು ಆ ಬೆಳ್ಳಿ ಪೊದೆಯ ವಾಸನೆ. 1950ರ ದಶಕದಲ್ಲಿ ಸ್ಟೆಗ್ನರ್ ತಿರುಗಿ ಬಂದಾಗ ಬಾಲ್ಯವನ್ನು ಗುರುತು ಹಿಡಿದದ್ದು ಕಣ್ಣಲ್ಲ, ಮೂಗು. ಆಮೇಲೆ ಬರೆದ ಪುಸ್ತಕಕ್ಕೆ ಅದೇ ಪೊದೆಯ ಹೆಸರನ್ನೇ ಇಟ್ಟರು. 1962ರಲ್ಲಿ ಬಂದ ಆ ಪುಸ್ತಕದಲ್ಲಿ ಅವರ ತಕರಾರು ಇದು: ಶಾಲೆಯಲ್ಲಿ ನಮಗೆ ಎಲ್ಲೆಲ್ಲಿಯದೋ ಚರಿತ್ರೆ ಕಲಿಸಿದರು, ನಮ್ಮ ಕಾಲ ಕೆಳಗಿನದ್ದನ್ನು ಯಾರೂ ಹೇಳಲಿಲ್ಲ. ಅಪ್ಪ ಕಟ್ಟಿದ ಆ ಮನೆಯನ್ನು ಊರಿನ ಕಲಾ ಮಂಡಳಿ ಉಳಿಸಿಕೊಂಡಿದೆ. ಬರೆಯುವವರು, ಚಿತ್ರ ಬರೆಯುವವರು ಬಂದು ಬಾಡಿಗೆಗೆ ಇರಬಹುದು. ನಾವು ಹೋದಾಗ ಒಳಗೆ ಯಾರೋ ಇದ್ದರು. ಕಿಟಕಿಯಲ್ಲಿ ಟೇಬಲ್ ಲ್ಯಾಂಪ್ ಉರಿಯುತ್ತಿತ್ತು, ಹೊರಗೆ ಹಾಡುಹಗಲು. ಗಡಿಯಾರ ನೋಡಿದರೆ ರಾತ್ರಿ ಒಂಬತ್ತು! ಸೂರ್ಯ ಮುಳುಗಲು ಇನ್ನೂ ಅರ್ಧ ತಾಸಿತ್ತು.

ಮರುದಿನ ಬೆಳಿಗ್ಗೆ ಊರಿನ ಉತ್ತರಕ್ಕೆ, ಬೆಟ್ಟದ ಸೆರಗಿನಲ್ಲಿರುವ ಚಿಮ್ನಿ ಕೂಲಿ ಎಂಬ ಕೊರಕಲಿಗೆ ಹೋದೆವು. ಮರಗಳು, ಒಂದು ಝರಿ, ಮಾಹಿತಿ ಫಲಕಗಳು, ಸೊಳ್ಳೆ. ನೋಡುವುದಕ್ಕೆ ಇಷ್ಟೇ. ಆದರೆ ಸ್ಟೆಗ್ನರ್‌ಗೆ ಯಾರೂ ಹೇಳದ ಚರಿತ್ರೆ ಇರುವುದು ಇಲ್ಲೇ. 1871-72ರ ಚಳಿಗಾಲದಲ್ಲಿ ಹಡ್ಸನ್ಸ್ ಬೇ ಕಂಪನಿಯ ಐಸಾಕ್ ಕೌವಿ ಇಲ್ಲಿ ಮಳಿಗೆ ಹಾಕಿ ಒಂದೇ ಹಂಗಾಮಿನಲ್ಲಿ 750 ಗ್ರಿಜ್ಲಿ ಕರಡಿ ಚರ್ಮ, 1,500 ಎಲ್ಕ್ ಚರ್ಮ ಕೊಂಡ. ಇವತ್ತು ಈ ಸುತ್ತಿನಲ್ಲಿ ಒಂದು ಗ್ರಿಜ್ಲಿಯೂ ಇಲ್ಲ.

ಅದೇ ದಶಕದಲ್ಲಿ ಇಲ್ಲಿ ಚಳಿಗಾಲ ಕಳೆಯುತ್ತಿದ್ದವರು ಮೇಟಿ ಜನ. ಫ್ರೆಂಚ್ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಂಗಸರಿಗೂ ಹುಟ್ಟಿದ ಸಂತತಿ ಬೆಳೆದು ತಾನೇ ಒಂದು ಜನಾಂಗವಾದದ್ದು. ಕಾಡೆಮ್ಮೆಯಂಥ ಬೈಸನ್ ಹಿಂಡುಗಳ ಬೆನ್ನು ಹತ್ತಿ ಬೇಟೆಯಾಡುವುದು ಅವರ ಕಸುಬು. ಮ್ಯೂಸಿಯಂನಲ್ಲಿ ಅವರ ಗಾಡಿಯ ಚಿತ್ರ ನೋಡಿ ನಾನು ಬಹಳ ಹೊತ್ತು ನಿಂತೆ. ಎರಡು ದೊಡ್ಡ ಚಕ್ರ, ಒಂದು ಎತ್ತು ಅಥವಾ ಕುದುರೆ. ಒಂದು ಮೊಳೆಯೂ ಇಲ್ಲ, ಕಬ್ಬಿಣದ ಹಳಿಯೂ ಇಲ್ಲ. ಬರೀ ಮರ, ಹಸಿ ತೊಗಲಿನ ಬಾರು. ನಮ್ಮ ಚಕ್ಕಡಿಗೆ ಕೀಲೆಣ್ಣೆ ಹಾಕದೆ ಯಾರಾದರೂ ಹೊರಟರೆ ಹಿರಿಯರು ಬೈಯುತ್ತಾರೆ. ಇವರು ಬೇಕೆಂದೇ ಹಾಕುತ್ತಿರಲಿಲ್ಲ. ಎಣ್ಣೆಗೆ ಬಯಲಿನ ಧೂಳು ಮೆತ್ತಿ ಅಚ್ಚೇ ತಿಂದುಹೋಗುತ್ತಿತ್ತು. ನೂರಾರು ಗಾಡಿಗಳ ಸಾಲು ಹೊರಟರೆ ಮರಕ್ಕೆ ಮರ ಉಜ್ಜುವ ಆ ಕಿರ್ ಕಿರ್ ಸದ್ದು ಮೈಲಿಗಟ್ಟಲೆ ದೂರ ಕೇಳುತ್ತಿತ್ತಂತೆ. ಅವರು ಬಿಟ್ಟುಹೋದ ಗುಡಿಸಲುಗಳು ಬಿದ್ದ ಮೇಲೂ ಕಲ್ಲಿನ ಹೊಗೆಗೂಡುಗಳು ನಿಂತೇ ಇದ್ದವು. ಕೊರಕಲಿನ ಹೆಸರು ಅದರಿಂದಲೇ ಬಂತು. ಈಗ ಅವೂ ಇಲ್ಲ.

ಇಲ್ಲಿಂದ ಪಶ್ಚಿಮಕ್ಕೆ ಅದೇ ಬೆಟ್ಟಸಾಲಿನಲ್ಲಿ 1873ರ ಜೂನ್ 1ರಂದು ಅಮೆರಿಕದ ಕಡೆಯಿಂದ ಬಂದ ತೋಳ ಬೇಟೆಗಾರರು, ಕುದುರೆ ಕಳವಾದ ಸಿಟ್ಟಿಗೆ, ಕುದುರೆ ಕದಿಯದ ನಕೋಡಾ ಜನರ ಬಿಡಾರದ ಮೇಲೆ ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಯಾರಿಗೂ ಶಿಕ್ಷೆಯಾಗಲಿಲ್ಲ. ಈ ಸುದ್ದಿ ತಲುಪಿದ ಮೇಲೆ ಕೆನಡಾ ಸರ್ಕಾರ ಕೆಂಪು ಕೋಟಿನ ಪೊಲೀಸರನ್ನು ಬೇಗಬೇಗ ಪಶ್ಚಿಮಕ್ಕೆ ಅಟ್ಟಿತು. 1875ರಲ್ಲಿ ಫೋರ್ಟ್ ವಾಲ್ಶ್ ಎದ್ದಿತು. ಬೆಟ್ಟಗಳ ಪೂರ್ವದ ತುದಿಯಲ್ಲಿ, ಇದೇ ಕೊರಕಲಿನಲ್ಲಿ, ಒಂದು ಹೊರಠಾಣೆ ಬಂತು. ಊರಿಗೆ ಈಸ್ಟೆಂಡ್ ಎಂಬ ಹೆಸರು ಬಂದದ್ದು ಆ ಠಾಣೆಯಿಂದ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಅಮೆರಿಕದ ಸೈನ್ಯವನ್ನು ಸೋಲಿಸಿದ ಲಕೋಟಾ ನಾಯಕ ಸಿಟ್ಟಿಂಗ್ ಬುಲ್ ಮರುವರ್ಷ ತನ್ನ ಜನರೊಂದಿಗೆ ಗಡಿ ದಾಟಿ ಈ ಸೀಮೆಗೇ ಬಂದ. ಪೊಲೀಸರ ಮೇಜರ್ ಜೇಮ್ಸ್ ವಾಲ್ಶ್ ಕೆಲವೇ ಜನರೊಂದಿಗೆ ಅವನ ಬಿಡಾರಕ್ಕೆ ಹೋಗಿ ಮಾತಾಡಿದ. ಬಂದೂಕು ಮಾಡದ ಕೆಲಸವನ್ನು ಹಸಿವು ಮಾಡಿತು. 1879ರ ಹೊತ್ತಿಗೆ ಕೆನಡಾದ ಬಯಲಿನಲ್ಲಿ ಬೈಸನ್ ಮುಗಿದುಹೋಗಿತ್ತು. 1881ರಲ್ಲಿ ಸಿಟ್ಟಿಂಗ್ ಬುಲ್ ತಿರುಗಿ ಹೋಗಿ ಶರಣಾದ. ಉಳಿದ ಮೂಲನಿವಾಸಿಗಳನ್ನು ಈ ಬೆಟ್ಟಗಳಿಂದ ಎಬ್ಬಿಸಲು ಸರ್ಕಾರ ಬಳಸಿದ ಆಯುಧವೂ ಅದೇ: ರೇಷನ್ ನಿಲ್ಲಿಸಿತು. ಆಮೇಲೆ ಖಾಲಿ ನೆಲಕ್ಕೆ ಬನ್ನಿ, ಹತ್ತು ಡಾಲರಿಗೆ 160 ಎಕರೆ ಎಂದು ಯುರೋಪಿನಲ್ಲೆಲ್ಲ ಜಾಹೀರಾತು ಹಾಕಿತು. ಮುಂಚೆ ಸರ್ವೇ ಚೌಕಗಳನ್ನು ನೋಡಿ ಬೆರಗಾದವನಿಗೆ ಈಗ ಬೇರೆಯೇ ಲೆಕ್ಕ ಕಾಣತೊಡಗಿತು. ಖಾಲಿ ಇರಲಿಲ್ಲ, ಖಾಲಿ ಮಾಡಿಸಿದ್ದು.

ಅಳಿಯನಿಗೆ ಇದ್ಯಾವುದೂ ಬೇಡ. ಅವನು ಬಂದದ್ದು ಸ್ಕಾಟಿಯನ್ನು ನೋಡಲು. ಊರಿನ ಉತ್ತರಕ್ಕೆ ಗುಡ್ಡದ ಪಕ್ಕೆಗೆ ಒತ್ತಿ ಕಟ್ಟಿದ ಗಾಜಿನ ಕಟ್ಟಡ, ಟಿ.ರೆಕ್ಸ್ ಡಿಸ್ಕವರಿ ಸೆಂಟರ್. ಒಳಗೆ ಹೋದರೆ ಬಾಯಿ ತೆರೆದು ನಿಂತ ಡೈನೋಸಾರ್, ಟೈರನೋಸಾರಸ್ ರೆಕ್ಸ್. ಮೂಗಿನಿಂದ ಬಾಲದ ತುದಿಗೆ 13 ಮೀಟರ್. 2019ರಲ್ಲಿ ಸಂಶೋಧಕರು ತೊಡೆಮೂಳೆಯ ಸುತ್ತಳತೆಯಿಂದ ಲೆಕ್ಕ ಹಾಕಿ ಬದುಕಿದ್ದಾಗ 8,870 ಕಿಲೋ ತೂಗಿದ್ದಿರಬೇಕು ಅಂದರು. ನಮ್ಮ ಮೈಸೂರು ದಸರೆಯ ಅಂಬಾರಿ ಆನೆ ಇದರ ಮುಂದೆ ಮರಿ.

ಇದನ್ನು ಮೊದಲು ಕಂಡವರು ಊರಿನ ಶಾಲೆಯ ಮೇಷ್ಟ್ರು ರಾಬರ್ಟ್ ಗೆಬ್‌ಹಾರ್ಟ್. 1991ರ ಆಗಸ್ಟಿನಲ್ಲಿ ಮ್ಯೂಸಿಯಂ ತಜ್ಞರ ಜೊತೆ, ಪಳೆಯುಳಿಕೆ ಹುಡುಕುವುದು ಹೇಗೆಂದು ಕಲಿಯಲು ಹೋದವರು ಬಾಲದ ಒಂದು ಮಣಿಯನ್ನೂ ಹಲ್ಲಿರುವ ದವಡೆಯ ಚೂರನ್ನೂ ಗುರುತಿಸಿದರು. ಆ ಸಂಜೆ ಸಂಭ್ರಮಕ್ಕೆ ಕೈಗೆ ಸಿಕ್ಕಿದ್ದು ಒಂದು ಸ್ಕಾಚ್ ಬಾಟಲಿ, ಪ್ರಾಣಿಗೆ ನಾಮಕರಣವಾಯಿತು. 1994ರಲ್ಲಿ ಅಗೆಯಲು ಶುರು ಮಾಡಿದರು. ಎಲುಬು ಅಂಟಿಕೊಂಡಿದ್ದ ಕಲ್ಲು ಕಬ್ಬಿಣದಷ್ಟು ಗಟ್ಟಿ, ಪೂರ್ತಿ ಬಿಡಿಸುವುದಕ್ಕೆ ಇಪ್ಪತ್ತು ವರ್ಷ ಮೀರಿತು. ಆದರೆ ಈ ಊರಿಗೆ ಎಲುಬಿನ ಹುಚ್ಚು ಅದಕ್ಕೂ ಹಳೆಯದು. ಇಂಗ್ಲೆಂಡಿನ ಐಲ್ ಆಫ್ ವೈಟ್‌ನಿಂದ ಬಂದು ಇಲ್ಲಿ ದನ ಕಾಯುತ್ತಿದ್ದ ಹೆರಾಲ್ಡ್ ಜೋನ್ಸ್, ಎಲ್ಲರ ಬಾಯಲ್ಲಿ ಕಾರ್ಕಿ ಜೋನ್ಸ್, ಯಾವ ಕಾಲೇಜಿನ ಹಂಗೂ ಇಲ್ಲದೆ ಈ ಗುಡ್ಡಗಳಲ್ಲಿ ಅಲೆದು ಮೂಳೆ ಕೂಡಿಟ್ಟ. ಶಾಲೆಯ ನೆಲಮಾಳಿಗೆಯೇ ಅವನ ಮ್ಯೂಸಿಯಂ ಆಗಿತ್ತು.

ಸ್ಕಾಟಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ವಿವರಿಸಿದ್ದ ಇನ್ನೊಂದು ವಸ್ತು. 44 ಸೆಂಟಿಮೀಟರ್ ಉದ್ದದ, ಕಲ್ಲಾದ ಟಿ.ರೆಕ್ಸ್ ಲದ್ದಿ. ಈ ಸುತ್ತಿನಲ್ಲೇ ಸಿಕ್ಕಿದ್ದು. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಪ್ರಬಂಧ ಬಂತು. ಒಳಗೆ ಪುಡಿಯಾದ ಎಲುಬಿನ ಚೂರುಗಳು. ಅಂದರೆ ಟಿ.ರೆಕ್ಸ್ ಬೇಟೆಯನ್ನು ಹಾಗೇ ನುಂಗುತ್ತಿರಲಿಲ್ಲ, ಎಲುಬು ಸಮೇತ ಕಡಿದು ಅಗಿಯುತ್ತಿತ್ತು. ಆರೂವರೆ ಕೋಟಿಗೂ ಹೆಚ್ಚು ವರ್ಷ ಹಳೆಯ ಊಟದ ತಟ್ಟೆಯನ್ನು ಹೀಗೂ ಓದಬಹುದು!

ಅಲ್ಲಿಯ ಯುವ ಗೈಡ್ ಗಾಜಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಕಣಿವೆಯ ಕಡೆ ಕೈ ತೋರಿಸಿದಳು. ಈ ಸೀಮೆಯ ಗುಡ್ಡಗಳಲ್ಲಿ ಕೆಲವು ಕಡೆ ಕಲ್ಲಿದ್ದಲಿನ ಒಂದು ಕಪ್ಪು ಗೆರೆ ಇದೆ, ಅದರ ಬುಡದಲ್ಲಿ ಬೆರಳು ದಪ್ಪದ ಮಣ್ಣಿನ ಪದರ. ಆ ಪದರದ ಕೆಳಗೆ ಡೈನೋಸಾರ್ ಎಲುಬು ಸಿಗುತ್ತದೆ, ಮೇಲೆ ಸಿಗುವುದಿಲ್ಲ. ಅದರಲ್ಲಿ ಇರಿಡಿಯಂ ಎಂಬ ಲೋಹ ಎಂದಿಗಿಂತ ಹೆಚ್ಚು. ಭೂಮಿಯ ಮೇಲ್ಮೈಯಲ್ಲಿ ಅಪರೂಪವಾದ ಈ ಲೋಹ ಆಕಾಶದಿಂದ ಬೀಳುವ ಕಲ್ಲುಗಳಲ್ಲಿ ಹೇರಳ. ಸುಮಾರು 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೊದ ಚಿಕ್ಷುಲೂಬ್ ಬಳಿ ಬಡಿದ ಕ್ಷುದ್ರಗ್ರಹದ ಬೂದಿ ಅದು. ಆಮೇಲೆ ಅವಳು, ನಾನು ಯಾವ ದೇಶದವನೆಂದು ಕೇಳಿ, ಮುಖ ಅರಳಿಸಿ, "ಹಾಗಾದರೆ ಇದರಲ್ಲಿ ನಿಮ್ಮ ದೇಶದ ಪಾಲೂ ಇದೆ" ಅಂದಳು.

ನನಗೆ ಮೈ ಜುಮ್ಮೆಂದಿತು. ಹೌದಲ್ಲ! ಅದೇ ಕಾಲಕ್ಕೆ ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾ ಹರಿಯುತ್ತಿತ್ತು. ಪದರದ ಮೇಲೆ ಪದರ, ಲಕ್ಷಾಂತರ ವರ್ಷ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಅದರ ಕಲ್ಲು ಇದೆ. ಆ ಕರಿಕಲ್ಲು ಸವೆದು ಮಣ್ಣಾದದ್ದೇ ನಮ್ಮ ಎರೆ. ಅದೇ ಕಲ್ಲನ್ನು ಕಡಿದು ಕಟ್ಟಿದ್ದು ಗೋಳಗುಮ್ಮಟ. ಡೈನೋಸಾರ್‌ಗಳ ಸಾವಿಗೆ ಆಕಾಶದಿಂದ ಬಿದ್ದ ಬಂಡೆಯೊಂದೇ ಕಾರಣವೋ, ದಖ್ಖನ್ನಿನ ಹೊಗೆಯೂ ಕೈಜೋಡಿಸಿತ್ತೋ ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಾರೆ. ಬಹಳ ಜನ ಬಂಡೆಯ ಕಡೆ. ಏನೇ ಆಗಲಿ, ನಮ್ಮ ಹೊಲದ ಮಣ್ಣು ಇನ್ನೂ ಕೆಂಡವಾಗಿದ್ದ ಯುಗದಲ್ಲಿ ಸ್ಕಾಟಿಯ ಸಂತತಿ ಇಲ್ಲಿ ಓಡಾಡಿಕೊಂಡಿತ್ತು. ಹನುಮಪ್ಪನ ಗುಡಿಯ ಶಾಸನದ ಜಂಭ ಇಟ್ಟುಕೊಂಡು ಬಂದವನು ನಾನು. ಮ್ಯೂಸಿಯಂಗೆ ತಿರುಗಿ ಹೋಗಿ ಆ ಶಿಕ್ಷಕಿಗೆ ಊರಿನ ವಯಸ್ಸನ್ನು ಮತ್ತೆ ಕೇಳಿದೆ. "ಯಾವುದು ಬೇಕು ನಿಮಗೆ?" ಅಂದರು. ನಗು ತಡೆದುಕೊಳ್ಳುವ ಸರದಿ ಈಗ ಅವರದ್ದು.

ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಕೆಫೆಯಲ್ಲಿ ಕೂತೆವು. ಆ ಹೊತ್ತಿಗೆ ಸುತ್ತಲಿನ ರೈತರೆಲ್ಲ ಕಾಫಿಗೆ ಸೇರುತ್ತಾರೆ. ಕ್ಯಾಪು ತೆಗೆಯುವುದಿಲ್ಲ, ಜಾಗ ಬದಲಿಸುವುದಿಲ್ಲ. ನಮ್ಮ ಅಗಸಿ ಕಟ್ಟೆಯ ಕೆಲಸವನ್ನು ಇಲ್ಲಿ ಕೆಫೆ ಮಾಡುತ್ತದೆ. ಪ್ರೇರಿ ಎನ್ನುವ ಈ ಬಯಲುಸೀಮೆಯ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಮೊದಲು ಹೋಟೆಲು ತೆರೆದವರು ಚೀನಾದವರು. ರೈಲುಹಳಿ ಹಾಕಲು ಅವರನ್ನು ಕರೆಸಿಕೊಂಡ ದೇಶವೇ ಹಳಿ ಮುಗಿದ 1885ರಲ್ಲಿ ಅವರ ಮೇಲೆ ತಲೆಗಂದಾಯ ಹಾಕಿತು. 1923ರಿಂದ 1947ರವರೆಗೆ ಬರುವುದನ್ನೇ ಬಂದ್ ಮಾಡಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ, ಇಂಥ ಊರುಗಳಲ್ಲಿ ಒಂಟಿಯಾಗಿ ಮೊಟ್ಟೆ ಬೇಯಿಸುತ್ತ ಮುದುಕರಾದವರು ಎಷ್ಟೋ ಜನ. ನಾನು ಸಸ್ಯಾಹಾರಿ ಎಂದಾಗ ಬಡಿಸುವ ಹೆಂಗಸು ಒಂದು ಕ್ಷಣ ಯೋಚಿಸಿ ಸಸ್ಕಟೂನ್ ಹಣ್ಣಿನ ಪೈ ತಂದಿಟ್ಟರು. ನೇರಳೆ ಬಣ್ಣದ ಪುಟ್ಟ ಕಾಡುಹಣ್ಣು, ಬಾದಾಮಿಯ ಒಂದು ಎಳೆ ರುಚಿ, ನಾಲಗೆಯೆಲ್ಲ ನೀಲಿ.

ಪಕ್ಕದ ಮೇಜಿನ ರೈತ, ಎಪ್ಪತ್ತರ ಹತ್ತಿರದವರು, ನಾನು ಭಾರತದವನೆಂದು ತಿಳಿದದ್ದೇ ಕುರ್ಚಿ ಎಳೆದುಕೊಂಡು ಬಂದರು. ಆರು ಸಾವಿರ ಎಕರೆ. ಬಿತ್ತುವ ಕೂರಿಗೆಯ ಅಗಲ 60 ಅಡಿ. ಗೋಧಿ, ಜೊತೆಗೆ ಕೆಂಪು ಚನ್ನಂಗಿ, ಹಳದಿ ಬಟಾಣಿ. ಅವರ ತಂದೆಯ ಕಾಲದಲ್ಲಿ ಇಲ್ಲಿ ಯಾರೂ ಬೇಳೆ ಬೆಳೆಯುತ್ತಿರಲಿಲ್ಲ. ವರ್ಷ ಬಿಟ್ಟು ವರ್ಷ ನೆಲ ಬೀಳು ಬಿಡುತ್ತಿದ್ದರು. 1930ರ ದಶಕದ ಬರದಲ್ಲಿ ಆ ಉತ್ತು ಬಿಟ್ಟ ಬೀಳುನೆಲವೇ ಧೂಳಾಗಿ ಹಾರಿಹೋಯಿತು. 1970ರ ದಶಕದಲ್ಲಿ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ಆಲ್ ಸ್ಲಿಂಕಾರ್ಡ್ ಈ ಹವೆಗೆ ಒಗ್ಗುವ ಚನ್ನಂಗಿ ತಳಿಗಳನ್ನು ತಂದ ಮೇಲೆ ಬೀಳುನೆಲದಲ್ಲಿ ಬೇಳೆ ಎದ್ದಿತು, ನೆಲಕ್ಕೆ ಸಾರಜನಕವೂ ಸಿಕ್ಕಿತು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಚನ್ನಂಗಿ ರಫ್ತು ಮಾಡುವ ದೇಶ ಕೆನಡಾ. ಆದರೆ ಇವರ ಮನೆಯಲ್ಲಿ ಬೇಳೆ ಬೇಯಿಸುವುದು ಅಪರೂಪ!

"ನಿಮ್ಮ ಸರ್ಕಾರ ಏನು ಮಾಡುತ್ತದೆ ಹೇಳಿ" ಎಂದು ಅವರು ನೇರ ವಿಷಯಕ್ಕೇ ಬಂದರು. 2017ರ ನವೆಂಬರಿನಲ್ಲಿ ದಿಲ್ಲಿ ಬಟಾಣಿಯ ಮೇಲೆ ಶೇಕಡಾ 50 ಆಮದು ಸುಂಕ ಹಾಕಿತು, ಮರು ತಿಂಗಳು ಚನ್ನಂಗಿಯ ಮೇಲೆ ಶೇಕಡಾ 30. ಆ ವರ್ಷ ಇವರ ಕಣಜದಲ್ಲಿ ಬಟಾಣಿ ಹಾಗೇ ಕೂತಿತಂತೆ. 2023ರ ಡಿಸೆಂಬರಿನಲ್ಲಿ ಬಟಾಣಿಯ ಸುಂಕ ತೆಗೆದಾಗ ಈ ಕೆಫೆಯಲ್ಲಿ ನಗು, ನಮ್ಮ ಕಡೆಯ ಅಡತಿ ಅಂಗಡಿಗಳಲ್ಲಿ ಬೈಗುಳ. ಅಗ್ಗದ ಬಟಾಣಿ ಬೇಳೆ ಬಂದರೆ ತೊಗರಿಯ ದರ ಮುರಿಯುತ್ತದೆ. ಕಲಬುರಗಿ, ವಿಜಯಪುರದ ರೈತನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

"ನನ್ನ ತಮ್ಮ ತೊಗರಿ ಬೆಳೆಯುತ್ತಾನೆ" ಅಂದೆ. "ನೀವು ಬೇಡುವುದಕ್ಕೂ ಅವನು ಬೇಡುವುದಕ್ಕೂ ತಾಳೆಯಾಗುವುದಿಲ್ಲ."

"ಎಷ್ಟು ಎಕರೆ?"

"ಒಂಬತ್ತು."

"ಒಂಬತ್ತು ನೂರು?"

"ಬರೀ ಒಂಬತ್ತು."

ಅವರು ಕಾಫಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ರೈತನೊಬ್ಬ ಇನ್ನೊಬ್ಬನಿಗೆ ಕೇಳುವ ಪ್ರಶ್ನೆ ಕೇಳಿದರು: ಅಲ್ಲಿ ಮಳೆ ಆಯಿತೇ? ಊರಿನಲ್ಲಿ ಆಗ ರಾತ್ರಿ ಒಂಬತ್ತೂವರೆ, ತಮ್ಮ ಇನ್ನೂ ಮಲಗಿರಲಾರ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಆಗೇತಿ ಅಣ್ಣಾ, ಛಲೋ ಆಗೇತಿ. ನಾಳಿಂದ ತೊಗರಿ ಬಿತ್ತತೀವಿ" ಎಂದು ಅವನು ಕೂಗಿದ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವುದರೊಳಗೆ ಅವನ ದನಿಯ ಖುಷಿಯಿಂದಲೇ ಅವರಿಗೆ ತಿಳಿದಿತ್ತು.

"ಒಳ್ಳೆಯದಾಯಿತು ಅಂತ ಹೇಳಿ ಅವನಿಗೆ" ಎಂದರು. ಹಾಗೆಂದವರೇ ಪಕ್ಕದ ಮೇಜಿನವರ ಕಡೆ ತಿರುಗಿ, "ಈ ವರ್ಷ ನಮ್ಮ ಬಟಾಣಿಗೆ ರೇಟಿಲ್ಲ ಕಣ್ರೋ" ಎಂದು ಕೂಗಿ ನಕ್ಕರು.